ರಜೆ ಕೈಗೆ ಬರುವ ಮೊದಲೇ ರೂಮಿನ ದುಡ್ಡು ಕಟ್ಟಬೇಡಿ

(ದಮಾಮ್‌ನಲ್ಲಿ ನಡೆದ ಸದಸ್ಯರ ಕುಟುಂಬ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ವೇದಿಕೆಯಲ್ಲಿರುವ ಹಿರಿಯರೇ, ಸಹೋದರರೇ, ಆ ಕಡೆಯ ಹಾಲ್‌ನಲ್ಲಿ ಮಕ್ಕಳನ್ನು ಸುಧಾರಿಸಿಕೊಂಡು ಕೇಳುತ್ತಿರುವ ಸಹೋದರಿಯರೇ,

ಊಟಕ್ಕೆ ಮೊದಲು ನನಗೆ ಅರ್ಧ ಗಂಟೆ ಕೊಟ್ಟಿದ್ದಾರೆ. ಬಿರಿಯಾನಿಯ ಪರಿಮಳ ಈಗಾಗಲೇ ಇಲ್ಲಿಯವರೆಗೆ ಬಂದಿದೆ. ಹಾಗಾಗಿ ಉದ್ದ ಪೀಠಿಕೆ ಹಾಕುವುದಿಲ್ಲ. ವಿಷಯ ಹೋಟೆಲ್ ರೂಮ್. ನಮ್ಮ ಊರಲ್ಲಿ ಹೋಟೆಲ್ ಅಂದರೆ ಚಾ ಕುಡಿಯುವ ಜಾಗ, ಉಳಿದುಕೊಳ್ಳುವ ಜಾಗಕ್ಕೆ ಲಾಡ್ಜ್ ಅಂತ ಹೆಸರು. ನಮ್ಮಲ್ಲಿ ಹೆಚ್ಚಿನವರು ಗಲ್ಫಿಗೆ ಬರುವವರೆಗೆ ಲಾಡ್ಜಿನಲ್ಲಿ ಒಂದು ರಾತ್ರಿಯೂ ಮಲಗಿದವರಲ್ಲ. ಊರಲ್ಲಿ ಎಲ್ಲಿಗೆ ಹೋದರೂ ಒಬ್ಬ ನೆಂಟನ ಮನೆ ಇದ್ದೇ ಇರುತ್ತದೆ. ಇಲ್ಲಿಗೆ ಬಂದ ಮೇಲೆ, ಹೆಂಡತಿ ಮಕ್ಕಳಿಗೆ ವಿಸಿಟ್ ವೀಸಾ ತೆಗೆದ ಮೇಲೆ, ಉಮ್ಮ ಬಾಪನನ್ನು ಉಮ್ರಾಕ್ಕೆ ಕರೆಸಿದ ಮೇಲೆ, ಮಕ್ಕಾ ಮದೀನಾದಲ್ಲಿ ರೂಮ್ ಮಾಡುವ ಕೆಲಸ ನಮ್ಮ ತಲೆಗೆ ಬಂತು.

ನಾನು ಕೆಲಸದಲ್ಲಿ ಲೆಕ್ಕ ಬರೆಯುವವನು. ಸಂಘದ ಸಹಾಯ ನಿಧಿಗೆ ಬರುವ ಅರ್ಜಿಗಳನ್ನೂ ನೋಡುತ್ತೇನೆ. ನಮ್ಮವರು ವಿಮಾನದ ಟಿಕೆಟ್ ತೆಗೆಯುವಾಗ ನಾಲ್ಕು ಕಡೆ ವಿಚಾರಿಸುತ್ತಾರೆ, 20 ರಿಯಾಲ್ ಕಡಿಮೆಗೆ ಸಿಗುತ್ತದಾ ಅಂತ ಹತ್ತು ದಿನ ಕಾಯುತ್ತಾರೆ. ರೂಮಿನ ವಿಷಯ ಬಂದಾಗ ಮಾತ್ರ ಫೋನಿನಲ್ಲಿ ಮೊದಲು ಕಂಡ ಕೆಂಪು ಅಕ್ಷರದ 'ಆಫರ್' ಒತ್ತಿಬಿಡುತ್ತಾರೆ. ನಾಲ್ಕು ರಾತ್ರಿ ಮಕ್ಕಾ, ಎರಡು ರಾತ್ರಿ ಮದೀನಾ ಅಂದರೆ ಒಂದು ಕುಟುಂಬಕ್ಕೆ ಹಲವರ ಒಂದು ತಿಂಗಳ ಸಂಬಳ. ಅದಕ್ಕೆ ಅರ್ಧ ಗಂಟೆ ಯೋಚನೆ ಮಾಡಬಾರದಾ?

ಮೊದಲು ರೇಟಿನ ವಿಷಯ ಬೇಗ ಮುಗಿಸುತ್ತೇನೆ. ಫೋನಿನಲ್ಲಿ ಕಾಣುವ ರೇಟ್ ಬೇರೆ, ಕೌಂಟರಿನಲ್ಲಿ ಕೊಡುವ ದುಡ್ಡು ಬೇರೆ. ಸೌದಿಯಲ್ಲಿ 2018ರ ಜನವರಿಯಲ್ಲಿ ವ್ಯಾಟ್ ಬಂದಾಗ ಅದು ಶೇಕಡಾ 5 ಇತ್ತು. 2020ರ ಜುಲೈ 1ರಿಂದ ಶೇಕಡಾ 15 ಆಯಿತು. ರೂಮಿಗೂ ಅದು ಬೀಳುತ್ತದೆ. ಅದರ ಮೇಲೆ ನಗರಪಾಲಿಕೆಯ ಶುಲ್ಕವೂ ಇರಬಹುದು. ಕೆಲವು ಆ್ಯಪ್ ಇದನ್ನೆಲ್ಲ ಸೇರಿಸಿ ತೋರಿಸುತ್ತವೆ, ಕೆಲವು ಕೊನೆಯ ಪುಟದಲ್ಲಿ ಸೇರಿಸುತ್ತವೆ. ಒಂದು ಆ್ಯಪ್‌ನಲ್ಲಿ ರಾತ್ರಿಗೆ 300, ಇನ್ನೊಂದರಲ್ಲಿ ಅದೇ ರೂಮ್ 330 ಅಂತ ಇಟ್ಟುಕೊಳ್ಳಿ. 300 ನೋಡಿ ಖುಷಿಯಾಗಿ ಮೂರು ರಾತ್ರಿಗೆ ಒತ್ತಿದಿರಿ. 900ಕ್ಕೆ ವ್ಯಾಟ್ 135 ಸೇರಿ 1035 ಆಯಿತು. ಆ 330 ಎಲ್ಲ ಸೇರಿದ ರೇಟ್ ಆಗಿದ್ದರೆ ಮೂರು ರಾತ್ರಿಗೆ 990. ಕಡಿಮೆ ಅಂದುಕೊಂಡದ್ದು 45 ರಿಯಾಲ್ ಜಾಸ್ತಿ ಬಿತ್ತು. ಆದ್ದರಿಂದ ಎರಡು ಕಡೆ ಹೋಲಿಸುವಾಗ ಒಂದು ರಾತ್ರಿಯ ರೇಟ್ ನೋಡಬೇಡಿ. ದುಡ್ಡು ಕಟ್ಟುವ ಬಟನ್‌ವರೆಗೆ ಹೋಗಿ, ಅಲ್ಲಿರುವ ಒಟ್ಟು ಮೊತ್ತವನ್ನು ಹೋಲಿಸಿ.

ದುಬೈಗೆ ಹೋಗುವವರಿಗೂ ಒಂದು ಮಾತು. ಅಲ್ಲಿ 2014ರಿಂದ 'ಟೂರಿಸಂ ದಿರ್ಹಮ್' ಅಂತ ಒಂದಿದೆ. ಒಂದು ಸ್ಟಾರ್ ಹೋಟೆಲಿಗೆ 7, ಎರಡು ಮೂರು ಸ್ಟಾರಿಗೆ 10, ನಾಲ್ಕಕ್ಕೆ 15, ಐದಕ್ಕೆ 20 ದಿರ್ಹಮ್. ಇದು ಪ್ರತಿ ರೂಮಿಗೆ, ಪ್ರತಿ ರಾತ್ರಿಗೆ. ಪೂರ್ತಿ ದುಡ್ಡು ಆನ್‌ಲೈನ್ ಕಟ್ಟಿದವರಿಂದಲೂ ಇದನ್ನು ಹೆಚ್ಚಾಗಿ ಕೌಂಟರಿನಲ್ಲೇ ಕೇಳುತ್ತಾರೆ. 'ಮೋಸ ಮಾಡ್ತಿದ್ದಾರೆ' ಅಂತ ಅಲ್ಲಿ ಜಗಳಕ್ಕೆ ನಿಲ್ಲಬೇಡಿ, ಅದು ಸರ್ಕಾರದ ಶುಲ್ಕ. ಮೊದಲೇ ಲೆಕ್ಕಕ್ಕೆ ಹಿಡಿದುಕೊಳ್ಳಿ.

ಈಗ ತಾರೀಕು. ಇದರಲ್ಲಿ ನಮ್ಮ ಜನ ಕಳೆದುಕೊಂಡಷ್ಟು ದುಡ್ಡು ಬೇರೆಲ್ಲೂ ಕಳೆದುಕೊಂಡಿಲ್ಲ ಅಂತ ನನಗೆ ಅನ್ನಿಸುತ್ತದೆ. ನಮಗೆ ದಿನ ಶುರುವಾಗುವುದು ಮಗ್ರಿಬ್‌ನಿಂದ. ಕ್ಯಾಲೆಂಡರಿಗೆ ರಾತ್ರಿ 12ರಿಂದ. ಹೋಟೆಲಿಗೆ ದಿನ ಶುರುವಾಗುವುದು ಮಧ್ಯಾಹ್ನದ ಮೇಲೆ. ಮಕ್ಕಾದಲ್ಲಿ ಹೆಚ್ಚಿನ ಕಡೆ ಸಂಜೆ 4ಕ್ಕೆ ರೂಮ್ ಕೊಡುತ್ತಾರೆ, ಮಾರನೇ ದಿನ ಮಧ್ಯಾಹ್ನ 12ಕ್ಕೆ ಬಿಡಬೇಕು. ಈಗ ನೋಡಿ, ಇಲ್ಲಿಂದ ಮಕ್ಕಾಕ್ಕೆ ಹತ್ತಿರ ಹತ್ತಿರ 1300 ಕಿಲೋಮೀಟರ್. ಗುರುವಾರ ಬೆಳಿಗ್ಗೆ ಬಸ್ಸು ಹತ್ತಿದವರು ದಾರಿಯಲ್ಲಿ ನಮಾಝ್, ಊಟ, ಮೀಕಾತ್‌ನಲ್ಲಿ ಇಹ್ರಾಂ ಎಲ್ಲ ಮುಗಿಸಿ ತಲುಪುವಾಗ ನಡುರಾತ್ರಿ 2 ಗಂಟೆ. ಆಗ ಕ್ಯಾಲೆಂಡರಿನಲ್ಲಿ ಶುಕ್ರವಾರ ಆಗಿರುತ್ತದೆ. 'ನಾವು ತಲುಪುವುದು ಶುಕ್ರವಾರ' ಅಂತ ಶುಕ್ರವಾರಕ್ಕೆ ಬುಕ್ ಮಾಡಿರುತ್ತಾರೆ. ಕೌಂಟರಿನವನು ನಯವಾಗಿ ಹೇಳುತ್ತಾನೆ, ನಿಮ್ಮ ರೂಮ್ ಇವತ್ತು ಸಂಜೆ 4ಕ್ಕೆ. ಹದಿನಾಲ್ಕು ಗಂಟೆ! ಮೊಣಕಾಲು ನೋವಿನ ಉಮ್ಮ, ನಿದ್ದೆಗಣ್ಣಿನ ಮಕ್ಕಳು, ನಾಲ್ಕು ಬ್ಯಾಗು, ಎಲ್ಲರೂ ಲಾಬಿಯಲ್ಲಿ. ಕೊನೆಗೆ ಆ ಹೊತ್ತಿನಲ್ಲಿ ಅವನು ಹೇಳಿದ ರೇಟಿಗೆ ಇನ್ನೊಂದು ರೂಮ್ ತೆಗೆಯಬೇಕಾಗುತ್ತದೆ. ಅವನದ್ದು ತಪ್ಪಲ್ಲ.

ಇದಕ್ಕೆ ಎರಡು ದಾರಿ ಉಂಟು. ಒಂದು, ಗುರುವಾರ ರಾತ್ರಿಗೇ ಬುಕ್ ಮಾಡಿ, 'ನಾವು ನಡುರಾತ್ರಿ 2 ಗಂಟೆಗೆ ಬರುತ್ತೇವೆ' ಅಂತ ಹೋಟೆಲಿಗೆ ಮೆಸೇಜ್ ಹಾಕಿಡುವುದು. ಮೆಸೇಜ್ ಹಾಕದಿದ್ದರೆ 'ಬರಲಿಲ್ಲ' ಅಂತ ಬರೆದು ರೂಮನ್ನು ಬೇರೆಯವರಿಗೆ ಕೊಟ್ಟುಬಿಡಬಹುದು, ದುಡ್ಡೂ ವಾಪಸ್ ಸಿಗಲಿಕ್ಕಿಲ್ಲ. ಇನ್ನೊಂದು, ಗಟ್ಟಿಮುಟ್ಟಾದ ಗಂಡಸರೇ ಹೋಗುವುದಾದರೆ, ಬೆಳಿಗ್ಗೆ ತಲುಪುವ ಹಾಗೆ ಹೊರಟು, ಬ್ಯಾಗನ್ನು ಹೋಟೆಲಿನವರ ಹತ್ತಿರ ಇಟ್ಟು, ಸೀದಾ ಹರಂಗೆ ಹೋಗಿ ಉಮ್ರಾ ಮುಗಿಸಿ, ಲುಹರ್, ಅಸರ್ ಅಲ್ಲೇ ಮಾಡಿ ಬಂದು ರೂಮ್ ತೆಗೆದುಕೊಳ್ಳುವುದು. ಬ್ಯಾಗ್ ಇಡಲಿಕ್ಕೆ ಹೆಚ್ಚಿನ ಕಡೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಒಂದು ರಾತ್ರಿಯ ಬಾಡಿಗೆ ಪೂರ್ತಿ ಉಳಿಯಿತು. ಆದರೆ ಉಮ್ಮ ಬಾಪ ಜೊತೆಗಿದ್ದರೆ ಈ ಉಳಿತಾಯದ ಆಸೆಗೆ ಹೋಗಬೇಡಿ ಮಾರಾಯ್ರೆ. ಎಪ್ಪತ್ತು ವರ್ಷದವರು ಹಿಂದಿನ ರಾತ್ರಿ ಬಸ್ಸಿನಲ್ಲಿ ಕೂತು ಬಂದವರು, ಅವರಿಗೆ ಮೊದಲು ಬೇಕಾದದ್ದು ಮಂಚ.

ಈಗ ನಾನು ಮುಖ್ಯವಾಗಿ ಹೇಳಬೇಕು ಅಂತ ಬಂದ ಮಾತು.

ರೂಮಿಗೆ ಎರಡು ರೇಟ್ ಇರುತ್ತದೆ, ನೋಡಿರುತ್ತೀರಿ. ಒಂದು, ಬರಲಿಕ್ಕೆ ಆಗದಿದ್ದರೆ ಇಂಥ ತಾರೀಕಿನವರೆಗೆ ರದ್ದು ಮಾಡಿದರೆ ಪೂರ್ತಿ ದುಡ್ಡು ವಾಪಸ್. ಇನ್ನೊಂದು, ಸ್ವಲ್ಪ ಕಡಿಮೆ, ಆದರೆ ಏನೇ ಆದರೂ ದುಡ್ಡು ವಾಪಸ್ ಇಲ್ಲ. ನಮ್ಮವರ ಬೆರಳು ತಾನಾಗಿಯೇ ಎರಡನೆಯದಕ್ಕೆ ಹೋಗುತ್ತದೆ. ಕಡಿಮೆ ಅಲ್ವಾ?

ಒಂದು ಲೆಕ್ಕ ಹಾಕೋಣ. ನಾಲ್ಕು ರಾತ್ರಿಗೆ ವಾಪಸ್ ಸಿಗುವ ರೇಟ್ 1200, ವಾಪಸ್ ಸಿಗದ ರೇಟ್ 1020 ಅಂತ ಇಟ್ಟುಕೊಳ್ಳಿ. ಉಳಿತಾಯ 180. ಐದು ಸಲ ಹೀಗೆ ಹೋಗಿ ಬಂದರೆ 900 ಉಳಿಯಿತು, ಸಂತೋಷ. ಆರನೇ ಸಲ ಹೋಗಲಿಕ್ಕೆ ಆಗಲಿಲ್ಲ. 1020 ಹೋಯಿತು. ಐದು ಸಲದ ಉಳಿತಾಯವೆಲ್ಲ ಹೋಗಿ, ಕೈಯಿಂದ ಇನ್ನೂ 120 ಬಿತ್ತು. ಅಂದರೆ ಆರರಲ್ಲಿ ಒಂದು ಸಲ ತಪ್ಪಿದರೂ ಈ ಕಡಿಮೆ ರೇಟ್ ನಮಗೆ ಜಾಸ್ತಿ ರೇಟೇ.

ಈಗ ನನಗೆ ಕೈ ಎತ್ತಿ ತೋರಿಸಿ. ಒಪ್ಪಿಕೊಂಡ ರಜೆ ಕೊನೇ ಗಳಿಗೆಯಲ್ಲಿ ಮುಂದೆ ಹೋದದ್ದು, ಇಲ್ಲವೇ ರದ್ದಾದದ್ದು ಇಲ್ಲಿ ಎಷ್ಟು ಜನರಿಗೆ ಆಗಿದೆ? ... ನೋಡಿ. ಅರ್ಧಕ್ಕಿಂತ ಹೆಚ್ಚು ಕೈ. ನಾನು ಇನ್ನೂ ವೀಸಾ ತಡವಾದದ್ದು, ಮಕ್ಕಳಿಗೆ ಜ್ವರ ಬಂದದ್ದು, ವಿಮಾನ ಮುಂದೆ ಹೋದದ್ದು ಕೇಳಿಲ್ಲ.

ಆ ಕಡಿಮೆ ರೇಟ್ ಮಾಡಿರುವುದು ತನ್ನ ರಜೆ ತನ್ನ ಕೈಯಲ್ಲಿ ಇರುವವನಿಗೆ. ಅವನಿಗೆ ಇಪ್ಪತ್ತರಲ್ಲಿ ಒಂದು ಸಲ ತಪ್ಪಬಹುದು. ನಮ್ಮ ರಜೆ ಫೋರ್‌ಮ್ಯಾನ್ ಕೈಯಲ್ಲಿ, ಶಟ್‌ಡೌನ್ ಕೈಯಲ್ಲಿ, ಬದಲಿ ಬರಬೇಕಾದ ಇನ್ನೊಬ್ಬ ಡ್ರೈವರಿನ ಕೈಯಲ್ಲಿ. ಜುಬೈಲಿನಲ್ಲಿ ಪ್ಲಾಂಟ್ ಕೆಲಸ ಮಾಡುವವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ರೂಮ್, ಒಂದೇ ರೇಟ್, ಮ್ಯಾನೇಜರಿಗೆ ಅದು ಉಳಿತಾಯ, ಕ್ಯಾಂಪಿನವನಿಗೆ ನಷ್ಟ.

ನಮ್ಮ ಒಬ್ಬ ಸದಸ್ಯರ ಕುಟುಂಬ ಬರುವುದಿತ್ತು. ವೀಸಾಕ್ಕೆ ಅರ್ಜಿ ಹಾಕಿದ ದಿನವೇ ಮಕ್ಕಾ, ಮದೀನಾ ಎರಡೂ ಕಡೆ ವಾಪಸ್ ಇಲ್ಲದ ರೂಮ್ ಮಾಡಿಟ್ಟರು, 'ಬೇಗ ಮಾಡಿದರೆ ಕಡಿಮೆ' ಅಂತ. ವೀಸಾ ಸ್ಟಾಂಪ್ ಆಗಿ ಬರುವಾಗ ಬುಕ್ ಮಾಡಿದ ತಾರೀಕು ದಾಟಿತ್ತು. 1700 ರಿಯಾಲ್ ಚಿಲ್ಲರೆ. ಅವರ ಸಂಬಳ 2200. ಕುಟುಂಬ ಬಂತು, ಉಮ್ರಾವೂ ಆಯಿತು, ಅಲ್‌ಹಮ್ದುಲಿಲ್ಲಾಹ್. ಆದರೆ ಎರಡನೇ ಸಲ ರೂಮಿಗೆ ದುಡ್ಡು ಸಾಲ ಮಾಡಿದರು, ಆ ಸಾಲ ತೀರಲಿಕ್ಕೆ ಏಳು ತಿಂಗಳು ಹಿಡಿಯಿತು. ಅವರು ಇಲ್ಲೇ ಕೂತಿದ್ದಾರೆ, ಹೇಳಿ ಅಂತ ಅವರೇ ಒಪ್ಪಿಗೆ ಕೊಟ್ಟದ್ದು.

ಹಾಗಾದರೆ ಎಂತ ಮಾಡಬೇಕು? ಬೇಗ ಬುಕ್ ಮಾಡಿ, ಆದರೆ ವಾಪಸ್ ಸಿಗುವ ರೇಟಿಗೆ ಮಾಡಿ. ಸಾಧ್ಯವಾದರೆ 'ಹೋಟೆಲಿನಲ್ಲೇ ಪಾವತಿ' ಅಂತ ಇರುವುದನ್ನು ಆರಿಸಿ. ಆಗ ರೂಮ್ ನಿಮ್ಮ ಹೆಸರಲ್ಲಿ ಇರುತ್ತದೆ, ದುಡ್ಡು ನಿಮ್ಮ ಕೈಯಲ್ಲೇ ಇರುತ್ತದೆ. ಹೊರಡಲಿಕ್ಕೆ ಒಂದು ವಾರ ಇರುವಾಗ ಇನ್ನೊಮ್ಮೆ ರೇಟ್ ನೋಡಿ. ಇಳಿದಿದ್ದರೆ ಹೊಸದನ್ನು ಬುಕ್ ಮಾಡಿ, ಅದು ಖಚಿತವಾದ ಮೇಲೆ ಹಳೆಯದನ್ನು ರದ್ದು ಮಾಡಿ. ಈ ಕ್ರಮ ತಿರುಗಿಸಬೇಡಿ. ಮೊದಲು ರದ್ದು ಮಾಡಿ ಆಮೇಲೆ ಹುಡುಕಲು ಹೋದರೆ ಎರಡೂ ಕೈತಪ್ಪಬಹುದು. ರದ್ದು ಮಾಡಲಿಕ್ಕೆ ಕೊನೆಯ ತಾರೀಕಿನ ಜೊತೆ ಗಂಟೆಯೂ ಇರುತ್ತದೆ, ಅದು ಹೋಟೆಲ್ ಇರುವ ಊರಿನ ಗಂಟೆ. ಊರಿನಿಂದ ಮಗ ಮಂಗಳೂರಿನ ಗಂಟೆ ನೋಡಿ ಎಣಿಸುವಾಗ ಎರಡೂವರೆ ಗಂಟೆ ವ್ಯತ್ಯಾಸ ನೆನಪಿಟ್ಟುಕೊಳ್ಳಬೇಕು. ಆ ಪುಟದ ಸ್ಕ್ರೀನ್‌ಶಾಟ್ ತೆಗೆದು ಇಡಿ. ರದ್ದು ಮಾಡಿದ ಮೇಲೆ ಬರುವ ಮೆಸೇಜನ್ನು, ದುಡ್ಡು ಖಾತೆಗೆ ವಾಪಸ್ ಬರುವವರೆಗೆ ಅಳಿಸಬೇಡಿ.

ವಾಪಸ್ ಇಲ್ಲದ ರೇಟ್ ಯಾವಾಗ ತೆಗೆದುಕೊಳ್ಳಬಹುದು ಅಂತ ಕೇಳಿದರೆ, ರಜೆಗೆ ಸಹಿ ಬಿದ್ದಿದೆ, ಕುಟುಂಬ ವಿಮಾನ ಇಳಿದು ಮನೆಯಲ್ಲಿ ಕೂತಿದೆ, ನುಸುಕ್ ಆ್ಯಪ್‌ನಲ್ಲಿ ಉಮ್ರಾ ಪರ್ಮಿಟ್ ಸಿಕ್ಕಿದೆ, ನಾಳಿದ್ದು ಹೊರಡುವುದು. ಆಗ ತೆಗೆಯಿರಿ, ಅದು ಉಳಿತಾಯವೇ. ಮದೀನಾಕ್ಕೂ ಹಾಗೆಯೇ. ರೌಳಾ ಶರೀಫಿಗೆ ಹೋಗುವ ಸಮಯ ನುಸುಕ್‌ನಲ್ಲಿ ಸಿಕ್ಕಿದ ಮೇಲೆ ರೂಮಿನ ತಾರೀಕು ನಿಶ್ಚಯ ಮಾಡಿ. ರೂಮ್ ಮೊದಲು ಮಾಡಿ ಆಮೇಲೆ ಸಮಯ ಹುಡುಕಿದರೆ ರೂಮ್ ಬಿಡುವ ಮಾರನೇ ದಿನಕ್ಕೆ ಸಿಗಬಹುದು.

ಇದೇ ಸಂಬಂಧದಲ್ಲಿ ಈ ಸಲದ ದೊಡ್ಡ ಅಪಾಯ ಹೇಳುತ್ತೇನೆ. ಸಹೋದರಿಯರು ವಿಶೇಷವಾಗಿ ಕೇಳಿಸಿಕೊಳ್ಳಿ. ನಮ್ಮ ಮಕ್ಕಳಿಗೆ ಊರಲ್ಲಿ ದೊಡ್ಡ ರಜೆ ಏಪ್ರಿಲ್, ಮೇ. ಹಿಜ್ರಿ ವರ್ಷ ಪ್ರತಿ ಸಲ ಹತ್ತು ಹನ್ನೊಂದು ದಿನ ಮುಂಚೆ ಬರುತ್ತದೆ. ಹಜ್ ಹಿಂದೆ ಸರಿದು ಸರಿದು ಈಗ ಆ ರಜೆಯ ಹತ್ತಿರವೇ ಬಂದು ಕೂತಿದೆ. ಹಜ್‌ಗೆ ಮುಂಚಿನ ವಾರಗಳಲ್ಲಿ ಮಕ್ಕಾಕ್ಕೆ ಎಲ್ಲರನ್ನೂ ಬಿಡುವುದಿಲ್ಲ. 2025ರಲ್ಲಿ ಏಪ್ರಿಲ್ 23ರಿಂದ ಇಖಾಮ ಇದ್ದವರಿಗೂ ಪರ್ಮಿಟ್ ಬೇಕಾಯಿತು. ಏಪ್ರಿಲ್ 29ರಿಂದ, ಅಂದರೆ ದುಲ್‌ಕಅದ್ 1ರಿಂದ, ಹಜ್ ವೀಸಾ ಬಿಟ್ಟು ಬೇರೆ ಯಾವ ವೀಸಾದವರಿಗೂ ಮಕ್ಕಾ ಪ್ರವೇಶ ಇರಲಿಲ್ಲ. ವಿಸಿಟ್ ವೀಸಾದಲ್ಲಿ ಬಂದ ಹೆಂಡತಿ ಮಕ್ಕಳೂ ಅದರಲ್ಲಿ ಸೇರಿದರು. ಹೋದರೆ ದಂಡ, ಗಡೀಪಾರು. ಬುಕಿಂಗ್ ಆ್ಯಪ್ ಇದನ್ನೆಲ್ಲ ನಿಮಗೆ ಹೇಳುವುದಿಲ್ಲ. ಆ ತಾರೀಕಿಗೂ ರೂಮ್ ತೋರಿಸುತ್ತದೆ, ದುಡ್ಡೂ ತೆಗೆದುಕೊಳ್ಳುತ್ತದೆ. ಆದ್ದರಿಂದ ಶಾಲೆಯ ರಜೆಗೆ ಬರುವವರು ಟಿಕೆಟ್ ಮಾಡುವ ಮೊದಲು ಹಿಜ್ರಿ ಕ್ಯಾಲೆಂಡರ್ ತೆರೆಯಿರಿ. ದುಲ್‌ಕಅದ್ ಯಾವಾಗ ಶುರುವಾಗುತ್ತದೆ ನೋಡಿ, ಅದಕ್ಕಿಂತ ಸಾಕಷ್ಟು ಮೊದಲೇ ಉಮ್ರಾ ಮುಗಿಸುವ ಹಾಗೆ ಬನ್ನಿ. ಸರ್ಕಾರದ ಪ್ರಕಟಣೆ ಪ್ರತಿ ವರ್ಷ ಹೊಸದಾಗಿ ಬರುತ್ತದೆ, ಅದನ್ನು ಕಾಯಿರಿ. ಹಜ್ ಮುಗಿದ ಮೇಲೆ ಮುಹರ್ರಂ, ಸಫರ್ ತಿಂಗಳಲ್ಲಿ ರೂಮ್ ರೇಟ್ ಇಳಿದಿರುತ್ತದೆ. ಬಿಸಿಲು ಜೋರು, ಆದರೆ ಜನ ಕಡಿಮೆ. ರಮಳಾನ್‌ನ ಕೊನೆಯ ಹತ್ತರಲ್ಲಿ ಹೋಗಬೇಕು ಅನ್ನುವ ಆಸೆ ಎಲ್ಲರಿಗೂ ಇದೆ. ಆಗಿನ ರೇಟಿನ ಬಗ್ಗೆ ನಾನು ಮಾತಾಡುವುದೇ ಇಲ್ಲ, ಲೆಕ್ಕದ ಪುಸ್ತಕ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ವಾರದೊಳಗೂ ವ್ಯತ್ಯಾಸ ಇದೆ. ಇಲ್ಲಿ ವಾರದ ರಜೆ ಶುಕ್ರ, ಶನಿ. ಹಾಗಾಗಿ ಗುರುವಾರ ರಾತ್ರಿ, ಶುಕ್ರವಾರ ರಾತ್ರಿ ರೇಟ್ ಏರುತ್ತದೆ. ಕುಟುಂಬ ಹೇಗೂ ತಿಂಗಳುಗಟ್ಟಲೆ ಇರುತ್ತದಲ್ಲ, ಎರಡು ದಿನ ರಜೆ ಹಾಕಿ ಭಾನುವಾರದಿಂದ ಬುಧವಾರದೊಳಗೆ ಹೋಗಿ ಬನ್ನಿ. ಜುಮುಆ ಹರಂನಲ್ಲಿ ಸಿಗಬೇಕು ಅಂತ ಇದ್ದರೆ ಒಂದು ರಾತ್ರಿಗೆ ಜಾಸ್ತಿ ಕೊಡಿ, ಅದಕ್ಕೆ ನಾನು ಬೇಡ ಅನ್ನುವುದಿಲ್ಲ. ಆದರೆ ಮೂರೂ ರಾತ್ರಿ ಜಾಸ್ತಿ ಕೊಡಬೇಕಾಗಿಲ್ಲ.

ದೂರದ ವಿಷಯ. 'ಹರಂಗೆ 500 ಮೀಟರ್' ಅಂತ ಬರೆದಿರುತ್ತಾರೆ. ಅದು ಹೆಚ್ಚಾಗಿ ನಕ್ಷೆಯಲ್ಲಿ ಗೆರೆ ಎಳೆದ ದೂರ. ಮಕ್ಕಾ ಗುಡ್ಡಗಳ ಊರು. ಇಬ್ರಾಹೀಂ ಖಲೀಲ್ ರಸ್ತೆಯಲ್ಲಿ 800 ಮೀಟರ್ ನಡೆಯುವುದಕ್ಕೂ, ಪಕ್ಕದ ಗುಡ್ಡದ ಮೇಲಿನ 400 ಮೀಟರ್ ಇಳಿದು ಹತ್ತುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಬುಕ್ ಮಾಡುವ ಮೊದಲು ಮ್ಯಾಪಿನಲ್ಲಿ ನಡೆಯುವ ದಾರಿ ಹಾಕಿ ನೋಡಿ, ಅಲ್ಲಿ ಉಳಿದುಕೊಂಡವರು ಬರೆದದ್ದು ಓದಿ, 'ಏರು' ಅನ್ನುವ ಮಾತು ಬಂದರೆ ಉಮ್ಮನ ಮೊಣಕಾಲು ನೆನಪು ಮಾಡಿಕೊಳ್ಳಿ. ಅಝೀಝಿಯಾದಂಥ ದೂರದ ಜಾಗದಲ್ಲಿ ರೂಮ್ ಕಡಿಮೆಗೆ ಸಿಗುತ್ತದೆ. ಆದರೆ ಟ್ಯಾಕ್ಸಿ ಒಂದು ಸಲಕ್ಕೆ 20 ಅಂತ ಹಿಡಿದು ದಿನಕ್ಕೆ ನಾಲ್ಕು ಸಲ ಅಂದರೂ 80 ಆಯಿತು. ಆ 80ನ್ನು ರೂಮಿಗೆ ಸೇರಿಸಿ ನೋಡಿ, ಹತ್ತಿರದ ರೂಮೇ ಕಡಿಮೆ ಆಗಬಹುದು. ಹೋಟೆಲಿನ ಬಸ್ಸು ಇದೆ ಅಂದರೆ ಎಷ್ಟು ಹೊತ್ತಿಗೆ ಒಂದು, ರಾತ್ರಿ ಎಷ್ಟರವರೆಗೆ, ಶುಕ್ರವಾರ ಓಡುತ್ತದಾ ಅಂತ ಕೇಳಿ. ಗಂಡಸರು ನಾಲ್ಕು ಜನ ಗೆಳೆಯರು ಹೋಗುವುದಾದರೆ ಲೆಕ್ಕ ಬೇರೆ. ದೂರದಲ್ಲಿ ನಾಲ್ಕು ಮಂಚದ ರೂಮ್ ಮಾಡಿ, ನಾಲ್ಕು ಪಾಲು ಮಾಡಿ, ಮಲಗಲಿಕ್ಕೆ ಮಾತ್ರ ಅಲ್ಲಿಗೆ ಹೋಗಿ. ಮದೀನಾದಲ್ಲಿ ಹರಂ ಸುತ್ತ ನೆಲ ಸಮತಟ್ಟು, ಅಲ್ಲಿ ಸ್ವಲ್ಪ ದೂರ ಹೋಗಿ ದುಡ್ಡು ಉಳಿಸುವುದು ಸುಲಭ. ಕುಟುಂಬದ ಬಜೆಟ್ ಒಂದೇ ಆಗಿದ್ದರೆ ಮಕ್ಕಾದಲ್ಲಿ ಹತ್ತಿರ, ಮದೀನಾದಲ್ಲಿ ದೂರ. ಇದು ನನ್ನ ಅಭಿಪ್ರಾಯ.

ಮಕ್ಕಳ ಸಂಖ್ಯೆ, ವಯಸ್ಸು ಸರಿಯಾಗಿ ಹಾಕಿ. ಇಬ್ಬರು ಅಂತ ಹಾಕಿ ಐದು ಜನ ಹೋಗಿ ನಿಂತರೆ ಕೌಂಟರಿನಲ್ಲಿ ಹೆಚ್ಚುವರಿ ಮಂಚಕ್ಕೆ ಅವರು ಹೇಳಿದ್ದೇ ರೇಟ್.

ಈಗ ದುಡ್ಡು ಕಟ್ಟುವ ರೀತಿ. ರೂಮ್ ತೆಗೆಯುವಾಗ ಕೆಲವು ಹೋಟೆಲ್‌ನವರು ಕಾರ್ಡಿನಲ್ಲಿ ಒಂದು ಮೊತ್ತ ತಡೆಹಿಡಿಯುತ್ತಾರೆ, ಏನಾದರೂ ಹಾಳಾದರೆ ಇರಲಿ ಅಂತ. ಅದು ಖರ್ಚಲ್ಲ, ಆದರೆ ನಿಮ್ಮ ಖಾತೆಯಲ್ಲಿ ಆ ದುಡ್ಡು ನಿಮಗೆ ಸಿಗುವುದಿಲ್ಲ. ಬಿಟ್ಟು ಬಂದ ಮೇಲೆ ಬಿಡುಗಡೆಯಾಗಲು ಕೆಲವು ದಿನ ಬೇಕು, ಕೆಲವೊಮ್ಮೆ ಎರಡು ವಾರ. ಖಾತೆಯಲ್ಲಿ 700 ಇರುವವನ 500 ಹೀಗೆ ನಿಂತುಬಿಟ್ಟರೆ ವಾಪಸ್ ಬರುವ ಬಸ್ಸಿಗೆ ದುಡ್ಡಿಲ್ಲ. ಡಿಪಾಸಿಟ್ ಎಷ್ಟು, ಅದನ್ನು ನಗದಾಗಿ ಕೊಡಬಹುದಾ ಅಂತ ಮೊದಲೇ ಕೇಳಿ. ನಗದು ಕೊಟ್ಟರೆ ರಸೀದಿ ತೆಗೆದುಕೊಳ್ಳದೆ ಕೌಂಟರ್ ಬಿಡಬೇಡಿ.

ಗೆಳೆಯನ ಕ್ರೆಡಿಟ್ ಕಾರ್ಡಿನಲ್ಲಿ ಬುಕ್ ಮಾಡುವುದು ನಮ್ಮಲ್ಲಿ ಮಾಮೂಲು. ಹಾಗೆ ಮಾಡುವಾಗ ಬುಕಿಂಗ್ ಉಳಿಯುವವನ ಹೆಸರಲ್ಲಿ ಇರಲಿ. ಇಖಾಮ ಅಥವಾ ಪಾಸ್‌ಪೋರ್ಟಿನಲ್ಲಿ ಇರುವ ಹೆಸರೇ ಬೇಕು, ಕರೆಯುವ ಹೆಸರು ಬೇಡ. ದುಡ್ಡು ಕಟ್ಟಿದ ಕಾರ್ಡನ್ನೇ ತೋರಿಸಿ ಅಂತ ಕೆಲವು ಹೋಟೆಲ್ ಕೇಳುತ್ತವೆ. ಗೆಳೆಯ ಇಲ್ಲಿ ಖೋಬರ್‌ನಲ್ಲಿ, ಕಾರ್ಡ್ ಅವನ ಜೇಬಿನಲ್ಲಿ, ನೀವು ಮಕ್ಕಾದಲ್ಲಿ ಇದ್ದರೆ ಕಷ್ಟ. ಬುಕಿಂಗಿನ ಷರತ್ತಿನಲ್ಲಿ ಆ ಸಾಲು ಇದೆಯಾ ನೋಡಿ. ಕಾರ್ಡ್ ಕೊಟ್ಟ ಗೆಳೆಯನಿಗೆ ಬಿಲ್ ಬರುವ ತಾರೀಕಿನ ಮೊದಲು ದುಡ್ಡು ಮುಟ್ಟಿಸಿ. ಒಂದು ದಿನ ತಡವಾದರೂ ಬಡ್ಡಿ ಬೀಳುವುದು ಅವನ ಹೆಸರಿನಲ್ಲಿ. ನಮ್ಮ ಉಮ್ರಾಕ್ಕಾಗಿ ಅವನು ಬಡ್ಡಿ ಕಟ್ಟುವ ಹಾಗೆ ಆಗಬಾರದು.

ಊರಿನಿಂದ ಮಕ್ಕಳು ಇಂಡಿಯಾದ ಕಾರ್ಡಿನಲ್ಲಿ ಕಟ್ಟುವುದಾದರೆ ಇನ್ನೊಂದು ಕಡಿತ ಇದೆ. ವಿದೇಶಿ ಹಣದಲ್ಲಿ ಕಟ್ಟಿದ್ದಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಶೇಕಡಾ 2ರಿಂದ 3.5ರವರೆಗೆ ತೆಗೆದುಕೊಳ್ಳುತ್ತವೆ, ಆ ಶುಲ್ಕದ ಮೇಲೆ ಶೇಕಡಾ 18 ಜಿಎಸ್‌ಟಿ. 1000 ರಿಯಾಲಿನ ರೂಮಿಗೆ 3.5ರ ಲೆಕ್ಕದಲ್ಲಿ 35, ಜಿಎಸ್‌ಟಿ ಸೇರಿ 41 ರಿಯಾಲ್ ಚಿಲ್ಲರೆ ಸುಮ್ಮನೆ ಹೋಯಿತು. ಇಲ್ಲಿರುವ ಅಣ್ಣನೋ ಅಳಿಯನೋ ಇಲ್ಲಿನ ಬ್ಯಾಂಕಿನ ಕಾರ್ಡಿನಲ್ಲಿ ಕಟ್ಟಿದರೆ ಅದು ಇಲ್ಲ. ಮತ್ತೊಂದು, ಕಾರ್ಡ್ ಉಜ್ಜುವ ಮಷೀನು 'ರೂಪಾಯಿಯಲ್ಲಾ, ರಿಯಾಲಲ್ಲಾ' ಅಂತ ಕೇಳಿದರೆ ರಿಯಾಲ್ ಒತ್ತಿ. ರೂಪಾಯಿ ಒತ್ತಿದರೆ ಲೆಕ್ಕ ಅರ್ಥವಾಗುತ್ತದೆ ಅಂತ ಅನ್ನಿಸುತ್ತದೆ, ಆದರೆ ಆಗ ವಿನಿಮಯ ದರ ಹಾಕುವುದು ಮಷೀನಿನವರು, ಅದರಲ್ಲಿ ಅವರ ಲಾಭ ಸೇರಿರುತ್ತದೆ. ಡಾಲರಿನಲ್ಲಿ ರೇಟ್ ಕಂಡರೆ 3.75ರಿಂದ ಗುಣಿಸಿ ನೋಡಿ, ರಿಯಾಲಿಗೆ ಡಾಲರ್ ದರ ಅದೇ.

ವಾಟ್ಸಾಪ್‌ನಲ್ಲಿ ಬರುವ 'ಹರಂ ಎದುರಿಗೇ, ಅರ್ಧ ರೇಟ್' ಮೆಸೇಜುಗಳ ಬಗ್ಗೆ ನನಗೆ ಬಹಳ ಸಿಟ್ಟಿದೆ. ಹೋಟೆಲಿನ ಹೆಸರು ಇರುತ್ತದೆ, ಚಂದದ ಫೋಟೋ ಇರುತ್ತದೆ, ದುಡ್ಡು ಹಾಕಬೇಕಾದದ್ದು ಮಾತ್ರ ಯಾರದೋ ಸ್ವಂತ ಖಾತೆಗೆ. ಕಳಿಸುವವರು ಸಲಾಂ ಹೇಳಿಯೇ ಮಾತು ಶುರು ಮಾಡುತ್ತಾರೆ, ಅದಕ್ಕೆ ಮರುಳಾಗಬೇಡಿ. ಪರಿಚಯದ ಏಜೆಂಟರ ಮೂಲಕ ಮಾಡುವುದಾದರೆ ತಪ್ಪಿಲ್ಲ, ನಮ್ಮವರಲ್ಲೇ ಪ್ರಾಮಾಣಿಕವಾಗಿ ಈ ಕೆಲಸ ಮಾಡುವವರು ಇದ್ದಾರೆ. ಆದರೆ ಅವರಿಂದ ಹೋಟೆಲಿನ ಬುಕಿಂಗ್ ನಂಬರ್ ಕೇಳಿ ಪಡೆದು, ನೀವೇ ಹೋಟೆಲಿಗೆ ಫೋನ್ ಮಾಡಿ ಆ ನಂಬರಿನಲ್ಲಿ ನಿಮ್ಮ ಹೆಸರು ಇದೆಯಾ ಅಂತ ವಿಚಾರಿಸಿ. ಪ್ರಾಮಾಣಿಕ ಏಜೆಂಟರಿಗೆ ಇದರಿಂದ ಬೇಸರವಾಗುವುದಿಲ್ಲ. ಇನ್ನೊಂದು ಹೊಸ ಉಪಾಯ ನಡೆಯುತ್ತಿದೆ. ನೀವು ಸರಿಯಾಗಿ ಬುಕ್ ಮಾಡಿದ ಮೇಲೆ, 'ನಿಮ್ಮ ಕಾರ್ಡ್ ಖಚಿತಪಡಿಸಿ, ಇಲ್ಲದಿದ್ದರೆ 12 ಗಂಟೆಯಲ್ಲಿ ರೂಮ್ ರದ್ದು' ಅಂತ ಒಂದು ಲಿಂಕ್ ಬರುತ್ತದೆ. ನಿಮ್ಮ ಹೆಸರು, ತಾರೀಕು ಎಲ್ಲ ಸರಿಯಾಗಿಯೇ ಇರುತ್ತದೆ. ಒತ್ತಬೇಡಿ. ಹೋಟೆಲಿಗೆ ಫೋನ್ ಮಾಡಿ. ಬ್ಯಾಂಕಿನಿಂದ ಬಂದ ಒಟಿಪಿ ಯಾವ ಹೋಟೆಲಿಗೂ ಬೇಕಾಗುವುದಿಲ್ಲ.

ಇನ್ನು, ಚೌಕಾಸಿ. ಬ್ಯಾರಿ ಅನ್ನುವ ಹೆಸರೇ ಬ್ಯಾರದಿಂದ, ವ್ಯಾಪಾರದಿಂದ ಬಂತು ಅಂತ ಹಿರಿಯರು ಹೇಳುತ್ತಾರೆ. ಆದರೆ ಫೋನಿನ ಪರದೆ ಮುಂದೆ ನಾವು ಬಾಯಿ ಮುಚ್ಚಿಕೊಂಡು ಕೇಳಿದ್ದಷ್ಟು ಕೊಡುತ್ತೇವೆ. ಆ್ಯಪ್‌ನಲ್ಲಿ ರೇಟ್ ನೋಡಿ, ಹೋಟೆಲಿನ ನಂಬರಿಗೆ ನೇರವಾಗಿ ಫೋನ್ ಮಾಡಿ ಕೇಳಿ. ಆ್ಯಪ್‌ನವರಿಗೆ ಕೊಡಬೇಕಾದ ಕಮಿಷನ್ ಅವರಿಗೆ ಉಳಿಯುತ್ತದಲ್ಲ. ರೇಟ್ ಇಳಿಸದಿದ್ದರೆ ಬೆಳಗಿನ ತಿಂಡಿ ಸೇರಿಸಿ ಕೊಡಿ, ಮಧ್ಯಾಹ್ನ 2ರವರೆಗೆ ರೂಮ್ ಬಿಡಿ ಅಂತ ಕೇಳಿ. ಜನ ಕಡಿಮೆ ಇರುವ ತಿಂಗಳಲ್ಲಿ ಒಪ್ಪುತ್ತಾರೆ. ರಮಳಾನ್‌ನಲ್ಲಿ ಫೋನೇ ಎತ್ತುವುದಿಲ್ಲ. ಒಂದೇ ತಾರೀಕಿಗೆ ಮೂರು ನಾಲ್ಕು ಹೋಟೆಲ್ ಬುಕ್ ಮಾಡಿಟ್ಟು ಕೊನೆಗೆ ಒಂದಕ್ಕೆ ಹೋಗುವುದು ಮಾತ್ರ ಸರಿಯಲ್ಲ. ಬೇಡವಾದದ್ದನ್ನು ಅವತ್ತೇ ರದ್ದು ಮಾಡಿ, ಆ ರೂಮ್ ಬೇಕಾದ ಇನ್ನೊಂದು ಕುಟುಂಬ ಹುಡುಕುತ್ತಿರುತ್ತದೆ.

ಈ ಮಾತು ಪತ್ರಿಕೆಯಲ್ಲಿ ಬರುತ್ತದೆ, ಪತ್ರಿಕೆ ಊರಿನ ಮನೆಗಳಿಗೂ ಹೋಗುತ್ತದೆ. ಅಲ್ಲಿರುವವರು ಆಸ್ಪತ್ರೆಗೆ, ವೀಸಾ ಕೆಲಸಕ್ಕೆ ಬೆಂಗಳೂರು, ಮುಂಬೈಗೆ ಹೋಗಿ ಲಾಡ್ಜ್ ಮಾಡುವಾಗ ಒಂದು ವಿಷಯ ತಿಳಿದಿರಲಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇಕಡಾ 5. ಮೊದಲು 12 ಇತ್ತು. 2000 ರೂಪಾಯಿ ರೂಮಿಗೆ 240 ಕೊಡುತ್ತಿದ್ದಲ್ಲಿ ಈಗ 100 ಸಾಕು. ಬಿಲ್ಲಿನಲ್ಲಿ ಹಳೆಯ ಲೆಕ್ಕವೇ ಇದ್ದರೆ ತೋರಿಸಿ ಕೇಳಿ. ಬಿಲ್ ಬೇಡ ಅಂದರೆ ಕಡಿಮೆ ಮಾಡುತ್ತೇವೆ ಅಂತ ಹೇಳುವವರ ಹತ್ತಿರ ಬಿಲ್ ಕೇಳಿಯೇ ಪಡೆಯಿರಿ. ಆಸ್ಪತ್ರೆ ವಾಸ ಮುಂದೆ ಹೋಗುವುದು ಸಾಮಾನ್ಯ, ಅಲ್ಲಿಯೂ ವಾಪಸ್ ಇಲ್ಲದ ರೇಟಿಗೆ ಹೋಗಬೇಡಿ. ಮೊದಲು ಎರಡು ದಿನಕ್ಕೆ ಮಾಡಿ, ಆಮೇಲೆ ಮುಂದುವರಿಸಿ.

ಊಟದ ಹೊತ್ತಾಯಿತು, ಸ್ವಯಂಸೇವಕರು ಆಗಲೇ ಸುಫ್ರಾ ಹಾಸುತ್ತಿದ್ದಾರೆ. ಊಟದ ನಂತರ ಇಶಾದವರೆಗೆ ನಾನು ಬಾಗಿಲಿನ ಹತ್ತಿರದ ಮೇಜಿನಲ್ಲಿ ಇರುತ್ತೇನೆ. ಯಾರು ಈಗಾಗಲೇ ರೂಮ್ ಬುಕ್ ಮಾಡಿದ್ದೀರೋ ಫೋನ್ ತನ್ನಿ. ರದ್ದು ಮಾಡುವ ಕೊನೆಯ ತಾರೀಕು ಯಾವುದು, ಒಟ್ಟು ಎಷ್ಟು ಅಂತ ಒಟ್ಟಿಗೆ ಕೂತು ನೋಡೋಣ. ಏಪ್ರಿಲ್, ಮೇ ತಿಂಗಳಿಗೆ ಮಾಡಿದವರು ಮೊದಲು ಬನ್ನಿ.